ಜಡ್ಜಮ್ಮ ಕುಂತವ್ರೆ

ಮಂಡ್ಯ ಸೀಮೆಯವರಿಗೆ ಕೋರ್ಟು ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನನ್ನು ನಿಲ್ಲಿಸಿ ಕಾವೇರಿಯ ಲೆಕ್ಕ ಕೇಳಿ ನೋಡಿ, ದಶಾಂಶ ಬಿಂದುವಿನ ಸಮೇತ ಒಪ್ಪಿಸುತ್ತಾನೆ. ನ್ಯಾಯಮಂಡಳಿ ಹುಟ್ಟಿದ್ದು 1990ರಲ್ಲಿ, ಅಂತಿಮ ತೀರ್ಪು ಕೊಟ್ಟದ್ದು 2007ರಲ್ಲಿ, ಸುಪ್ರೀಂ ಕೋರ್ಟು ನಮ್ಮ ಪಾಲಿಗೆ 14.75 ಟಿಎಂಸಿ ಹೆಚ್ಚು ಮಾಡಿದ್ದು 2018ರ ಫೆಬ್ರುವರಿ 16ರಂದು. ಯಾವ ವಕೀಲ ಯಾವ ವಾಯಿದೆಯಲ್ಲಿ ಏನು ಹೇಳಬೇಕಿತ್ತು, ಹೇಳದೆ ಹೇಗೆ ಕೆಡಿಸಿದ ಎಂಬುದೂ ಅವನಿಗೆ ಗೊತ್ತು. ಆ ಪೀಠದಲ್ಲಿ ಕೂತಿದ್ದ ಮೂವರೂ ಗಂಡಸರು ಎಂಬ ಸಂಗತಿ ಮಾತ್ರ ಅವನ ಪಟ್ಟಿಯಲ್ಲಿ ಇರುವುದಿಲ್ಲ. ಅದೂ ಒಂದು ಸಂಗತಿಯೇ ಎಂದು ಅವನಿಗೆ ಅನ್ನಿಸಿರುವುದಿಲ್ಲ.

ಅದು ದೊಡ್ಡ ವ್ಯಾಜ್ಯ, ದಿಲ್ಲಿಯ ಮಾತು. ಚಿಕ್ಕವು ಮನೆಮನೆಗೂ ಇವೆ. ಬದು ಒತ್ತಿಕೊಂಡದ್ದು, ತೂಬಿನ ನೀರು ತಿರುಗಿಸಿದ್ದು, ಅಣ್ಣತಮ್ಮಂದಿರ ಪಾಲು, ಬೆಲ್ಲದ ಮಂಡಿಯವನು ಕೊಟ್ಟ ಚೆಕ್ಕು ವಾಪಸು ಬಂದದ್ದು. ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟು ಇಲ್ಲದ ಒಕ್ಕಲು ಮನೆ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಡಿಮೆ. ನಮ್ಮ ಮನೆಯಲ್ಲೂ ಒಂದಿತ್ತು. ತಾತ ಹಾಕಿದ ದಾವೆಗೆ ಮೊಮ್ಮಗನಾದ ನಾನು ವಾಯಿದೆಗೆ ಹೋಗಿ ನಿಲ್ಲುತ್ತಿದ್ದೆ. ಹೀಗೆ ನಿಲ್ಲುವವರಿಗೆ ಆಗುವ ಒಂದೇ ಲಾಭ ಅಂದರೆ ಮಾತು ಕೇಳಿಸಿಕೊಳ್ಳುವುದು.

ಕೋರ್ಟು ಆವರಣದ ಹೊಂಗೆ ಮರದ ಕೆಳಗೆ ದಿನವೂ ಬೆಳಗ್ಗೆ ಹತ್ತೂವರೆಗೆ ಒಂದೇ ಪ್ರಶ್ನೆ: ಇವತ್ತು ಯಾರು ಕುಂತವ್ರೆ? ರಜೆ ಹಾಕಿದ್ದಾರೋ, ಟ್ರೈನಿಂಗಿಗೆ ಹೋಗಿದ್ದಾರೋ, ಇನ್‌ಚಾರ್ಜೋ ಎಂಬುದರ ಮೇಲೆ ಅವತ್ತಿನ ಬಸ್‌ಚಾರ್ಜು ದಂಡವೋ ಅಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಅದಕ್ಕೆ ಬರುವ ಉತ್ತರ ಈಗೀಗ ಹೆಚ್ಚಾಗಿ ‘ಜಡ್ಜಮ್ಮ ಕುಂತವ್ರೆ’. ಮೊದಮೊದಲು ಈ ಮಾತಿನ ಹಿಂದೆ ಒಂದು ಸಣ್ಣ ನಗೆಯೋ ಹುಬ್ಬು ಏರಿಸುವುದೋ ಇರುತ್ತಿತ್ತು. ಈಗ ಏನೂ ಇಲ್ಲ. ಕೆ.ಎಂ. ದೊಡ್ಡಿ ಬಸ್ಸು ಬಂತು ಎಂದು ಹೇಳಿದಷ್ಟೇ ಸಪಾಟು.

ಅಲ್ಲೊಮ್ಮೆ ನನ್ನ ಪಕ್ಕ ಕೂತಿದ್ದ ಅಜ್ಜಿ ಎಲೆ ಅಡಿಕೆ ಮಡಚುತ್ತ ಕೇಳಿದರು.

“ಚಿಕ್ ಹುಡ್ಗಿ ಇದ್ದಂಗವ್ಳೆ ಕಣಪ್ಪ. ಆದ್ರೂ ಲಾಯರ್‌ಗೆ ಒಂದ್ ಮಾತು ಜಾಸ್ತಿ ಆಡಕ್ ಬುಡಕಿಲ್ಲ. ಇವ್ರೆಲ್ಲಾ ಹೆಂಗಪ್ಪಾ ಜಡ್ಜಾಗದು? ಎಲೆಕ್ಷನ್‌ಗೆ ನಿಂತ್ಕತಾರಾ?”

“ಇಲ್ಲ ಕಣವ್ವಾ, ಪರೀಕ್ಷೆ ಬರೀತಾರೆ.”

“ಬರೇ ಪರೀಕ್ಷೆಯಾ? ಯಾರ್ನೂ ಹಿಡ್ಕಬೇಕಾಗಿಲ್ವಾ?”

ಅಜ್ಜಿ ಕೇಳಿದ್ದು ಎರಡು ಪ್ರಶ್ನೆ. ಭಾರತದ ನ್ಯಾಯಾಂಗದಲ್ಲಿ ಹೆಂಗಸರ ಕಥೆಯೆಲ್ಲ ಆ ಎರಡು ಪ್ರಶ್ನೆಗಳ ನಡುವೆ ಇದೆ ಎಂದು ನನಗೆ ಆಮೇಲೆ ಅನ್ನಿಸಿತು. ನ್ಯಾಯಪೀಠಕ್ಕೆ ಎರಡು ಬಾಗಿಲು. ಒಂದರಲ್ಲಿ ರಿಜಿಸ್ಟರ್ ನಂಬರು ಕೂಗಿ ಕರೆಯುತ್ತಾರೆ, ಇನ್ನೊಂದರಲ್ಲಿ ಮುಖ ನೋಡಿ ಕರೆಯುತ್ತಾರೆ. ನಂಬರಿನ ಬಾಗಿಲಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಒಳಗೆ ಬಂದರು. ಮುಖದ ಬಾಗಿಲಲ್ಲಿ ಇನ್ನೂ ಕಾಯುತ್ತಿದ್ದಾರೆ.

ಲೆಕ್ಕ ಬೇಕಾದವರಿಗೆ ಸುಪ್ರೀಂ ಕೋರ್ಟೇ 2023ರಲ್ಲಿ ಹೊರತಂದ ವರದಿ ಇದೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳ ನ್ಯಾಯಾಧೀಶರಲ್ಲಿ ಶೇ. 36.3ರಷ್ಟು ಹೆಂಗಸರು. ಹೈಕೋರ್ಟುಗಳಿಗೆ ಬಂದರೆ ಶೇ. 13.4. ಸುಪ್ರೀಂ ಕೋರ್ಟಿನಲ್ಲಿ ಶೇ. 9.3. ಕೆಳಗೆ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ. ಉತ್ತರಪತ್ರಿಕೆ ತಿದ್ದುವವನಿಗೆ ಬರೆದವರು ಗಂಡೋ ಹೆಣ್ಣೋ, ಮಳವಳ್ಳಿಯೋ ಮಲ್ಲೇಶ್ವರವೋ ತಿಳಿಯದು. ಮೇಲೆ ಪರೀಕ್ಷೆಯೇ ಇಲ್ಲ. ಹೈಕೋರ್ಟಿನ ಮೂರರಲ್ಲಿ ಎರಡು ಪಾಲು ವಕೀಲರೊಳಗಿಂದ, ಒಂದು ಪಾಲು ಜಿಲ್ಲಾ ನ್ಯಾಯಾಧೀಶರೊಳಗಿಂದ ಎಂಬುದು ರೂಢಿ. ಆ ಎರಡು ಪಾಲಿನವರನ್ನು ಆರಿಸುವಾಗ ಯಾರ ವಾದ ಕೇಳಿದ್ದೇವೆ, ಯಾರ ಹೆಸರು ಬಾಯಿಗೆ ಬರುತ್ತದೆ ಎಂಬುದೇ ಮಾನದಂಡ. ವಕೀಲಿಯಲ್ಲಿ ಹೆಂಗಸರು ಶೇ. 15ರಷ್ಟು ಮಾತ್ರ ಎಂದು 2021ರಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಹೇಳಿದ್ದರು. ಬಾಯಿಗೆ ಬರುವ ಹೆಸರುಗಳಲ್ಲಿ ಅವರದೆಷ್ಟು ಇದ್ದೀತು, ನೀವೇ ಲೆಕ್ಕ ಹಾಕಿ.

ನೂರು ವರ್ಷದ ಹಿಂದೆ ನಂಬರಿನ ಬಾಗಿಲೂ ಇರಲಿಲ್ಲ ಅನ್ನಿ. 1916ರಲ್ಲಿ ರೆಜಿನಾ ಗುಹಾ ಎಂಬ ಹೆಣ್ಣುಮಗಳು ಕಾನೂನು ಪದವಿ ಹಿಡಿದು ಹೋದರೆ ಕಲ್ಕತ್ತಾ ಹೈಕೋರ್ಟು ವಕೀಲಿಗೆ ಸೇರಿಸಿಕೊಳ್ಳಲಿಲ್ಲ. ಕಾಯ್ದೆ ವಕೀಲರನ್ನು ಗಂಡಸರೆಂದೇ ಭಾವಿಸಿದೆ ಎಂಬ ತರ್ಕ. ಐದು ವರ್ಷದ ಮೇಲೆ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಅದೇ ಉತ್ತರ. ಕೊನೆಗೆ 1923ರಲ್ಲಿ ಹೆಂಗಸರೂ ವಕೀಲರಾಗಬಹುದು ಎಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ತಿರುವಾಂಕೂರಿನಲ್ಲಿ ಅನ್ನಾ ಚಾಂಡಿ 1937ರಲ್ಲಿ ಮುನ್ಸೀಫರಾದರು. ಅವರು ಪೀಠ ಏರಿದಾಗ ನಮ್ಮ ಮಂಡ್ಯ ಇನ್ನೂ ಜಿಲ್ಲೆಯಾಗಿರಲಿಲ್ಲ, ಮೈಸೂರು ಜಿಲ್ಲೆಯ ಸೆರಗಿನಲ್ಲಿತ್ತು. 1959ರಲ್ಲಿ ಅವರು ಕೇರಳ ಹೈಕೋರ್ಟಿಗೂ ಹೋದರು.

ಅನ್ನಾ ಚಾಂಡಿಯವರನ್ನು ನೋಡಿ ಪತ್ತನಂತಿಟ್ಟದ ಒಬ್ಬ ತಂದೆ ಮಗಳನ್ನು ವಿಜ್ಞಾನ ಬಿಡಿಸಿ ಕಾನೂನಿಗೆ ಹಾಕಿದರು. ಆ ಮಗಳು ಫಾತಿಮಾ ಬೀವಿ. 1958ರಲ್ಲಿ ಮುನ್ಸೀಫ್, 1968ರಲ್ಲಿ ಸಬ್ ಜಡ್ಜ್, 1974ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1983ರಲ್ಲಿ ಹೈಕೋರ್ಟು. ಒಂದು ಮೆಟ್ಟಿಲನ್ನೂ ಬಿಡದೆ ಹತ್ತಿದವರು. 1989ರ ಏಪ್ರಿಲ್‌ನಲ್ಲಿ ನಿವೃತ್ತರಾಗಿ ಮನೆಗೆ ಹೋಗಿದ್ದರು. ಅಕ್ಟೋಬರ್ 6ರಂದು ಅವರನ್ನು ಕರೆದು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಕೂರಿಸಲಾಯಿತು. ಸಂವಿಧಾನ ಬಂದು ಮೂವತ್ತೊಂಬತ್ತು ವರ್ಷ ಆಗಿತ್ತು.

ಈ ಕಥೆಗೆ ಮಂಡ್ಯದವರು ಹೆಮ್ಮೆಪಡಬಹುದಾದ ಒಂದು ಬಾಲ ಇದೆ, ಆದರೆ ನಮ್ಮವರು ಅದನ್ನು ಹೇಳುವುದು ನಾನು ಕೇಳಿಲ್ಲ. ಆ ಅಕ್ಟೋಬರಿನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಇ.ಎಸ್. ವೆಂಕಟರಾಮಯ್ಯ. ಹೆಸರಿನ ಮುಂದಿನ ಇ ಎಂದರೆ ಎಂಗಲಗುಪ್ಪೆ, ಪಾಂಡವಪುರ ತಾಲ್ಲೂಕಿನ ಹಳ್ಳಿ. ಅಲ್ಲಿ 1924ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ವಕೀಲಿ ಮಾಡಿ, 1970ರಲ್ಲಿ ಹೈಕೋರ್ಟಿಗೂ 1979ರಲ್ಲಿ ಸುಪ್ರೀಂ ಕೋರ್ಟಿಗೂ ಹೋದವರು. ಮುಖ್ಯ ನ್ಯಾಯಮೂರ್ತಿಯಾಗಿ ಇದ್ದದ್ದು 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ, ಬರೀ ಆರು ತಿಂಗಳು. ಆ ಆರು ತಿಂಗಳಲ್ಲೇ ದೇಶದ ಅತಿ ದೊಡ್ಡ ಕೋರ್ಟಿನ ಬಾಗಿಲು ಮೊದಲ ಸಲ ಒಬ್ಬ ಹೆಂಗಸಿಗೆ ತೆರೆಯಿತು.

ಆಗ ಅವರ ಮಗಳು ವಕೀಲಿಗೆ ಸೇರಿ ಎರಡು ವರ್ಷವಾಗಿತ್ತು. ಬಿ.ವಿ. ನಾಗರತ್ನ. ಅಪ್ಪನ ಹೆಸರಿನ ಮುಂದೆ ಹಳ್ಳಿ ಇದ್ದರೆ ಮಗಳ ಹೆಸರಿನ ಮುಂದೆ ಬೆಂಗಳೂರು ಬಂತು. ದಿಲ್ಲಿಯಲ್ಲಿ ಓದಿ 1987ರಲ್ಲಿ ಬೆಂಗಳೂರಿನಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು. 2008ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಅವತ್ತು ಒಂದೇ ದಿನ ಒಂಬತ್ತು ಮಂದಿ ಪ್ರಮಾಣ ಮಾಡಿದರು, ಅವರಲ್ಲಿ ಮೂವರು ಹೆಂಗಸರು. ಅದಕ್ಕೆ ಮುಂಚಿನ ಮೂವತ್ತೆರಡು ವರ್ಷದಲ್ಲಿ ಒಟ್ಟು ಬಂದಿದ್ದವರು ಎಂಟೇ ಮಂದಿ.

ಮುಖದ ಬಾಗಿಲಲ್ಲಿ ಅಪ್ಪನ ಮುಖ ನೆರವಿಗೆ ಬರುವುದಿಲ್ಲವೆ ಎಂದು ಹೊಂಗೆ ಮರದ ಕೆಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. ನಮ್ಮ ಮಂಡಿ ವ್ಯಾಪಾರ, ರಾಜಕೀಯ, ಸಿನಿಮಾ ಯಾವುದರಲ್ಲೂ ಕೇಳದ ಈ ಪ್ರಶ್ನೆ ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಬೇಗ ನೆನಪಾಗುತ್ತದೆ. ಮನೆಯಲ್ಲಿ ಕಾನೂನಿನ ಪುಸ್ತಕ ಇದ್ದವರಿಗೆ ಅನುಕೂಲ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ವೆಂಕಟರಾಮಯ್ಯನವರು 1997ರಲ್ಲೇ ತೀರಿಕೊಂಡರು, ಮಗಳು ಪೀಠ ಏರಿದ್ದು ಹತ್ತು ವರ್ಷ ಕಳೆದ ಮೇಲೆ. ಪೀಠ ಏರಿದ ಮೇಲೆ ಬರೆದದ್ದಂತೂ ಅವರದೇ ಕೈ. 2023ರ ಜನವರಿ 2ರಂದು ನೋಟು ರದ್ದತಿಯ ತೀರ್ಪು ಬಂದಾಗ ಐವರಲ್ಲಿ ನಾಲ್ವರು ಒಂದು ಕಡೆ, ಈಕೆ ಒಬ್ಬರೇ ಇನ್ನೊಂದು ಕಡೆ.

ಹಿರಿತನದ ಸಾಲು ಈಗಿರುವಂತೆಯೇ ಸಾಗಿದರೆ 2027ರ ಸೆಪ್ಟೆಂಬರ್ ಕೊನೆಗೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿ, ಆ ಸ್ಥಾನಕ್ಕೆ ಮೊದಲ ಹೆಂಗಸು. ಅಪ್ಪ-ಮಗಳು ಇಬ್ಬರೂ ಆ ಕುರ್ಚಿಯಲ್ಲಿ ಕೂತಂತಾಗುವುದೂ ಅದೇ ಮೊದಲು. ಆದರೆ ಅವರಿಗೆ ಸಿಗುವುದು 36 ದಿನ. ನಮ್ಮ ಕಡೆ 36 ದಿನದಲ್ಲಿ ಕಬ್ಬಿನ ಕೂಳೆಯೂ ಸರಿಯಾಗಿ ಚಿಗುರುವುದಿಲ್ಲ, ದಂಟಿನ ಸೊಪ್ಪು ಬೇಕಾದರೆ ಕೀಳಬಹುದು. ಅದರಲ್ಲೂ ನಡುವೆ ದಸರಾ ರಜೆ ಬರುತ್ತದೆ, ದೀಪಾವಳಿಯ ಹೊತ್ತಿಗೆ ನಿವೃತ್ತಿ.

ಇದು ಯಾರ ದುರುದ್ದೇಶವೂ ಅಲ್ಲ, ವಯಸ್ಸಿನ ಗಣಿತ. ಹೈಕೋರ್ಟಿನಲ್ಲಿ 62, ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತಿ. ಎಷ್ಟು ಬೇಗ ಹೈಕೋರ್ಟಿಗೆ ಬರುತ್ತೀರೋ ಅಷ್ಟು ಮೇಲೆ ಹೋಗುತ್ತೀರಿ. ವಕೀಲರೊಳಗಿಂದ ಬಂದವರು ನಲವತ್ತೈದರ ಆಸುಪಾಸಿಗೆ ಬರುತ್ತಾರೆ. ಪರೀಕ್ಷೆ ಬರೆದು ಇಪ್ಪತ್ತಾರಕ್ಕೆ ಯಾವುದೋ ತಾಲ್ಲೂಕಿನಲ್ಲಿ ಕೂತ ಹುಡುಗಿ ಸೀನಿಯರ್ ಸಿವಿಲ್ ಜಡ್ಜ್ ಆಗಿ, ಜಿಲ್ಲಾ ನ್ಯಾಯಾಧೀಶೆಯಾಗಿ, ಹೈಕೋರ್ಟಿನವರ ಕಣ್ಣಿಗೆ ಬೀಳುವ ಹೊತ್ತಿಗೆ ಕೂದಲು ನರೆತಿರುತ್ತದೆ. ನಂಬರಿನ ಬಾಗಿಲಿಂದ ಬಂದವರಿಗೆ ದಾರಿ ಉದ್ದ. ಹೆಂಗಸರು ಹೆಚ್ಚಾಗಿ ಬಂದಿರುವುದು ಆ ಉದ್ದದ ದಾರಿಯಲ್ಲೇ.

ಈ ಎರಡರ ನಡುವೆ ಒಂದು ಒಳದಾರಿಯೂ ಇದೆ. ಏಳು ವರ್ಷ ವಕೀಲಿ ಮಾಡಿದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಆಯ್ಕೆಯಾಗಬಹುದು. ಬಳ್ಳಾರಿಯ ಮಂಜುಳಾ ಚೆಲ್ಲೂರ್ ಬಂದದ್ದು ಹಾಗೆ. ಬಳ್ಳಾರಿಯಲ್ಲಿ ವಕೀಲಿ ಮಾಡಿದ ಮೊದಲ ಹೆಂಗಸು, 1988ರಲ್ಲಿ ನೇರ ಜಿಲ್ಲಾ ನ್ಯಾಯಾಧೀಶೆ, 2000ದಲ್ಲಿ ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಇಲ್ಲಿ ಮದ್ದೂರಿನವರಿಗೂ ಒಂದು ಎಳೆ ಸಿಗುತ್ತದೆ, ಎಳೆದುಕೊಳ್ಳೋಣ. ಆಕೆ ಹೈಕೋರ್ಟಿಗೆ ಬಂದಾಗ ವಿಧಾನಸೌಧದಲ್ಲಿ ಮುಖ್ಯಮಂತ್ರಿಯಾಗಿದ್ದವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಅವರು ಅರವತ್ತರ ದಶಕದಲ್ಲಿ ಪಾಠ ಹೇಳಿದ ಬೆಂಗಳೂರಿನ ರೇಣುಕಾಚಾರ್ಯ ಲಾ ಕಾಲೇಜಿನಲ್ಲೇ ಆಮೇಲೆ ಆಕೆ ಕಾನೂನು ಓದಿದ್ದು. ವಿಧಾನಸೌಧಕ್ಕೂ ಹೈಕೋರ್ಟಿಗೂ ನಡುವೆ ಒಂದು ರಸ್ತೆ. ಹೈಕೋರ್ಟಿಗೆ ಒಬ್ಬ ಹೆಂಗಸು ನ್ಯಾಯಮೂರ್ತಿಯಾಗಿ ಬರಲು ಇಪ್ಪತ್ತನೇ ಶತಮಾನ ಮುಗಿಯಬೇಕಾಯಿತು.

ಮಂಜುಳಾ ಚೆಲ್ಲೂರ್ ಆಮೇಲೆ ಕೇರಳ, ಕಲ್ಕತ್ತಾ, ಬಾಂಬೆ ಮೂರೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. 2017ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳ ಮಟ್ಟಿಗೆ ಬಾಂಬೆ, ಕಲ್ಕತ್ತಾ, ಮದ್ರಾಸು, ದಿಲ್ಲಿ ನಾಲ್ಕೂ ಹೈಕೋರ್ಟುಗಳ ನೇತೃತ್ವ ಹೆಂಗಸರ ಕೈಲಿತ್ತು. ಪತ್ರಿಕೆಗಳು ನಾಲ್ಕು ಫೋಟೋ ಸಾಲಾಗಿ ಹಾಕಿ ಸಂಭ್ರಮಿಸಿದವು. ಅಷ್ಟರಲ್ಲಿ ದಿಲ್ಲಿಯವರು ನಿವೃತ್ತರಾದರು. ಚೆಲ್ಲೂರ್ ಅವರೂ ಅದೇ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟಿಗೆ ಹೋಗದೆಯೇ. ಅದೇ 1988ರಲ್ಲಿ ತಮಿಳುನಾಡಿನಲ್ಲಿ ಅದೇ ದಾರಿಯಿಂದ ಬಂದ ಆರ್. ಭಾನುಮತಿ ಮಾತ್ರ 2014ರಲ್ಲಿ ದಿಲ್ಲಿ ಮುಟ್ಟಿದರು. ಒಬ್ಬರಿಗೆ ಬಂದ ಕರೆ ಇನ್ನೊಬ್ಬರಿಗೆ ಏಕೆ ಬರಲಿಲ್ಲ ಎಂದು ಕೇಳಿದರೆ ಹೇಳುವವರಿಲ್ಲ. ಮುಖದ ಬಾಗಿಲಿಗೆ ಉತ್ತರಪತ್ರಿಕೆಯ ಮರುಎಣಿಕೆ ಇಲ್ಲ.

ಮೇಲಿನ ಮಾತು ಸಾಕು, ತಾಲ್ಲೂಕಿಗೆ ಇಳಿಯೋಣ. ನನಗೆ ಅಲ್ಲಿಯ ಗಾಳಿಯೇ ಒಗ್ಗುವುದು.

ಸಾಮಾನ್ಯವಾಗಿ ನ್ಯಾಯಾಧೀಶರನ್ನು ಸ್ವಂತ ಊರಿನಲ್ಲಿ ಕೂರಿಸುವುದಿಲ್ಲ. ಹಾಗಾಗಿ ಮದ್ದೂರಿನ ಹುಡುಗಿ ಜಡ್ಜಾದರೆ ಸಿಂದಗಿಗೋ ಹುಮನಾಬಾದಿಗೋ ಹೋಗುತ್ತಾಳೆ, ಮದ್ದೂರಿಗೆ ವಿಜಯಪುರದ ಹುಡುಗಿ ಬರುತ್ತಾಳೆ. ಇದರಿಂದ ನ್ಯಾಯಕ್ಕೆ ಎಷ್ಟು ಲಾಭವೋ, ನಮಗಂತೂ ಮನರಂಜನೆ. ಸಾಕ್ಷಿ ಕಟಕಟೆಯ ಮುದುಕ “ನಮ್ ಹೈದ ಗದ್ದೆತವ್ಕೆ ಹೋಗಿದ್ದ ಕಣವ್ವಾ” ಎಂದ. ಪೀಠದಿಂದ “ಹೈದ ಅಂದ್ರ ಯಾರ್ರೀ?” ಎಂದು ಪ್ರಶ್ನೆ ಬಂತು. ಹೈದ ಅಂದರೆ ಹೈದ, ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ ಎಂದು ಮುದುಕ ಕಂಗಾಲಾಗಿ ನಿಂತ. ಬೆಂಚ್ ಕ್ಲರ್ಕು ಎದ್ದು “ಮಗ, ಮೇಡಂ” ಎಂದರು. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಮೇಡಂ “ನಿನ್ನ ಹೈದನ್ನ ಕರ್ಕೊಂಡ್ ಬಾ” ಎನ್ನುತ್ತಿದ್ದರು.

ಜಡ್ಜಾದವರು ಊರಿನಲ್ಲಿ ಎಲ್ಲರೊಂದಿಗೆ ಬೆರೆಯುವಂತಿಲ್ಲ. ಹೋಟೆಲಿನಲ್ಲಿ ಕೂತು ಮದ್ದೂರು ವಡೆ ತಿನ್ನುವ ಹಾಗಿಲ್ಲ, ಬೀಗರ ಊಟಕ್ಕೆ ಹೋಗುವ ಹಾಗಿಲ್ಲ. ಮಂಡ್ಯ ಜಿಲ್ಲೆಯಲ್ಲಿದ್ದೂ ಬೀಗರ ಊಟಕ್ಕೆ ಹೋಗದೆ ಬದುಕುವುದು ಸಣ್ಣ ತಪಸ್ಸಲ್ಲ. ಗಂಡಸು ಜಡ್ಜಿಗೆ ಕ್ವಾರ್ಟರ್ಸಿನಲ್ಲಿ ಹೆಂಡತಿ ಇರುತ್ತಾಳೆ, ವರ್ಗವಾದಾಗ ಅವಳೂ ಪಾತ್ರೆ ಪಡಗ ಕಟ್ಟಿಕೊಂಡು ಹೊರಡುತ್ತಾಳೆ. ಹೆಂಗಸು ಜಡ್ಜಿನ ಗಂಡ ಹಾಗೆ ಹೊರಟದ್ದನ್ನು ಎಷ್ಟು ಜನ ನೋಡಿದ್ದೀರಿ? ಅವನ ಕೆಲಸ ಬೆಂಗಳೂರಿನಲ್ಲಿ, ಮಗು ಅಮ್ಮನ ಜೊತೆ, ಅಮ್ಮನ ಅಮ್ಮ ಮಗುವಿನ ಜೊತೆ. ಮೂರು ವರ್ಷಕ್ಕೊಮ್ಮೆ ಲಾರಿ ಹತ್ತುವ ಇಂಥ ಸಂಸಾರಗಳಲ್ಲಿ ತಾಯಿಯ ತಾಯಿಗೆ ಸರ್ಕಾರ ಪಿಂಚಣಿ ಕೊಡಬೇಕೆಂದು ನನ್ನ ಮತ.

ಇನ್ನು ಕಟ್ಟಡ. ರಮಣ ಅವರು 2021ರಲ್ಲಿ ಹೇಳಿದ ಇನ್ನೊಂದು ಲೆಕ್ಕ: ದೇಶದ ಶೇ. 26ರಷ್ಟು ಕೋರ್ಟು ಸಂಕೀರ್ಣಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವೇ ಇಲ್ಲ. ನ್ಯಾಯದೇವತೆಯ ಪ್ರತಿಮೆ ಹೆಣ್ಣು, ಅವಳಿಗೆ ಕಣ್ಣಿಗೆ ಬಟ್ಟೆ ಬೇಕೋ ಬೇಡವೋ ಎಂದು ದಿಲ್ಲಿಯಲ್ಲಿ ಚರ್ಚೆ ನಡೆಯುತ್ತದೆ. ಬೆಳಗ್ಗೆ ಆರಕ್ಕೆ ಹಲಗೂರಿನಿಂದ ಹೊರಟು ಸಂಜೆಯವರೆಗೆ ಕೋರ್ಟಿನಲ್ಲಿ ಕೂರುವ ಹೆಂಗಸು ನೀರು ಕುಡಿಯದೆ ದಿನ ಕಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಜೂನಿಯರ್ ಲಾಯರಮ್ಮಂದಿರೂ ಅದೇ ಉಪಾಯ ಮಾಡುತ್ತಾರೆ. ವಕೀಲಿ ಬಿಟ್ಟು ಪರೀಕ್ಷೆಗೆ ಓದುವ ಹುಡುಗಿಯರ ಕಾರಣಗಳ ಪಟ್ಟಿಯಲ್ಲಿ ಇದೂ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಪೀಠ ಹತ್ತಿದ ಮೇಲೂ ಮೈ ಮೈಯೇ. ಮಧ್ಯಪ್ರದೇಶದಲ್ಲಿ 2023ರಲ್ಲಿ ಆರು ಮಂದಿ ಮಹಿಳಾ ಸಿವಿಲ್ ನ್ಯಾಯಾಧೀಶರನ್ನು, ಕೆಲಸ ತೃಪ್ತಿಕರವಾಗಿಲ್ಲವೆಂದು ಪ್ರೊಬೇಷನ್ನಿನಲ್ಲೇ ಮನೆಗೆ ಕಳಿಸಲಾಯಿತು. ಸುಪ್ರೀಂ ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ನಾಲ್ವರನ್ನು ಮತ್ತೆ ತೆಗೆದುಕೊಂಡರು, ಇಬ್ಬರು ಉಳಿದರು. ಅವರಲ್ಲಿ ಒಬ್ಬರಿಗೆ ಅದೇ ಅವಧಿಯಲ್ಲಿ ಗರ್ಭಪಾತವಾಗಿತ್ತು, ಕೋವಿಡ್ ಬಂದಿತ್ತು. ಆ ತಿಂಗಳುಗಳಲ್ಲಿ ಎಷ್ಟು ಕೇಸು ಮುಗಿಸಿದಿರಿ ಎಂಬ ಲೆಕ್ಕವಷ್ಟೇ ಮೇಲಿನವರಿಗೆ ಕಂಡಿತ್ತು. ವಿಚಾರಣೆಯ ವೇಳೆ ನಾಗರತ್ನ ಅವರು, ಗಂಡಸರಿಗೂ ಮುಟ್ಟಾಗುವಂತಿದ್ದರೆ ಆಗ ತಿಳಿಯುತ್ತಿತ್ತು ಎಂಬರ್ಥದ ಮಾತಾಡಿದರು. 2025ರ ಫೆಬ್ರುವರಿ 28ರಂದು ಅವರ ಪೀಠ ಆ ಇಬ್ಬರ ವಜಾವನ್ನೂ ರದ್ದು ಮಾಡಿತು. ಪೀಠದಲ್ಲಿ ಹೆಂಗಸರು ಇದ್ದರೆ ಏನು ವ್ಯತ್ಯಾಸ ಎಂದು ಕೇಳುವವರಿಗೆ ನಾನು ಭಾಷಣ ಮಾಡುವುದಿಲ್ಲ, ಈ ತೀರ್ಪು ತೋರಿಸುತ್ತೇನೆ.

ಹಾಗೆಂದು ಹೆಂಗಸು ಜಡ್ಜಾದರೆ ಹೆಂಗಸರ ಪರ ಎಂದು ನಂಬಿದವರು ಬೇಸ್ತು ಬೀಳುತ್ತಾರೆ. ಪಾಲಿನ ಕೇಸುಗಳಲ್ಲಿ ಇದನ್ನು ನೋಡಬೇಕು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ ಎಂದಿತು. ಅಲ್ಲಿಂದ ಹಳೆಯ ಲಗ್ನಪತ್ರಿಕೆಗಳಿಗೆ ಬೆಲೆ ಬಂತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಅಪ್ಪ ಅವತ್ತು ಬದುಕಿದ್ದರೋ ಇಲ್ಲವೋ ಎಂಬ ತಕರಾರು ಎದ್ದಿತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನೂ ಬಗೆಹರಿಸಿತು. ಈಗ ನಲವತ್ತು ಗುಂಟೆ ಗದ್ದೆಗೆ ಇಬ್ಬರು ಅಣ್ಣಂದಿರು, ಮೂವರು ತಂಗಿಯರು. ಜಡ್ಜಮ್ಮ ತಂಗಿಯ ಮುಖ ನೋಡಿ ಕರಗುವುದಿಲ್ಲ, ಕಾಗದ ಕೇಳುತ್ತಾರೆ. ತಂಗಿ ಹತ್ತು ವರ್ಷದ ಹಿಂದೆ ಅರಿಶಿನ ಕುಂಕುಮಕ್ಕೆಂದು ಏನನ್ನೋ ತೆಗೆದುಕೊಂಡು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರೆ ಅದನ್ನೂ ಓದುತ್ತಾರೆ. “ಹೆಣ್ಣಾಗಿ ಹೆಣ್ ಕಷ್ಟ ಗೊತ್ತಾಗ್ನಿಲ್ವಲ್ಲ” ಎಂದು ತಂಗಿ ಹೊರಗೆ ಬಂದು ಕಣ್ಣು ಒರೆಸಿಕೊಂಡರೆ, ಮುಂದಿನ ಕೇಸಿನಲ್ಲಿ ಪಾಲು ಕಳೆದುಕೊಂಡ ಅಣ್ಣ “ಹೆಂಗಸ್ರೆಲ್ಲಾ ಒಂದೇ” ಎನ್ನುತ್ತ ಇಳಿಯುತ್ತಾನೆ.

ಒಂದು ಕಹಿಯನ್ನೂ ಹೇಳಿಬಿಡುತ್ತೇನೆ, ಬಿಟ್ಟರೆ ಹರಟೆ ಸುಳ್ಳಾಗುತ್ತದೆ. 2023ರ ಕೊನೆಗೆ ಮಂಡ್ಯದ ಹತ್ತಿರದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಕೆಲವೇ ತಿಂಗಳಲ್ಲಿ ಪಾಂಡವಪುರದಲ್ಲೂ ಅಂಥದೇ ಪ್ರಕರಣ ಹೊರಬಂತು. ಎಂಗಲಗುಪ್ಪೆ ಇರುವ ತಾಲ್ಲೂಕು ಅದು. ಬೆಲ್ಲ ಬೇಯುವ ಜಾಗದಲ್ಲಿ ಇದು ನಡೆಯಿತು ಎಂದು ಓದಿದ ದಿನ ನಾನು ಪತ್ರಿಕೆ ಮಡಚಿಟ್ಟೆ. ನಂಬರು, ಮುಖ ಎಂದೆಲ್ಲ ಎರಡು ಬಾಗಿಲು ಹೇಳಿದೆ. ಅದಕ್ಕೂ ಮೊದಲಿನ ಬಾಗಿಲೊಂದಿದೆ, ಅದನ್ನು ಮುಚ್ಚುವವರು ನಮ್ಮ ನಮ್ಮ ಮನೆಯವರೇ.

ಈಗ ನಮ್ಮ ನೆಂಟರ ಹುಡುಗಿಯ ವಿಷಯ. ಮದ್ದೂರು-ಮಳವಳ್ಳಿ ರಸ್ತೆಯ ಹಳ್ಳಿಯವಳು, ನನ್ನನ್ನು ದೊಡ್ಡಪ್ಪ ಎನ್ನುತ್ತಾಳೆ. ಅಪ್ಪನಿಗೆ ಒಂದೂವರೆ ಎಕರೆ, ಡೇರಿಗೆ ಹಾಲು. ಮಂಡ್ಯದಲ್ಲಿ ಕಾನೂನು ಓದುವಾಗಲೇ ಸಿವಿಲ್ ಜಡ್ಜ್ ಪರೀಕ್ಷೆಗೆ ಕೂತೇ ಕೂರುತ್ತೇನೆ ಎಂದು ತೀರ್ಮಾನಿಸಿದ್ದವಳು. ಬಸ್ಸಿನಲ್ಲಿ ಕಂಡಾಗಲೆಲ್ಲ ಬಾಯಲ್ಲಿ ಕಲಮುಗಳ ಗುಣುಗು. 2024ರ ಜುಲೈನಲ್ಲಿ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದಾಗ ಅವಳ ಮುಖ ನೋಡುವ ಹಾಗಿರಲಿಲ್ಲ. “ದೊಡ್ಡಪ್ಪ, ಕೊಲೆ 302ರಲ್ಲಿತ್ತು, ಈಗ 103. ವಂಚನೆ 420 ಇದ್ದಿದ್ದು 318 ಆಯ್ತು. ಎರಡು ವರ್ಷ ಬಾಯಿಪಾಠ ಮಾಡಿದ್ದೆಲ್ಲಾ ಹೋಯ್ತು.” ಹೆದರಬೇಡವ್ವಾ, ನಮ್ಮೂರಿನಲ್ಲಿ ನಾನೂರ ಇಪ್ಪತ್ತುಗಳು ಎಲ್ಲೂ ಹೋಗಿಲ್ಲ ಎಂದು ನಾನು ಸಮಾಧಾನ ಹೇಳಿದೆ.

ಹೊಸ ನಂಬರು ಕಲಿತು ಮುಗಿಸುವಷ್ಟರಲ್ಲಿ 2025ರ ಮೇ 20 ಬಂತು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವವರು ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕು ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹೊಸ ನಿಯಮವೇನಲ್ಲ. ಮೊದಲು ಇದ್ದದ್ದನ್ನು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ಕೈಬಿಟ್ಟಿದ್ದರು. ಬುದ್ಧಿವಂತ ಹುಡುಗರು ವಕೀಲಿಯಲ್ಲಿ ನೆಲೆಯೂರಿದ ಮೇಲೆ ಇತ್ತ ತಿರುಗಿ ನೋಡುವುದಿಲ್ಲ, ಬಿಸಿಯಿರುವಾಗಲೇ ಕರೆದುಕೊಳ್ಳಿ ಎಂಬುದು ಆಗಿನ ವಾದ. ಕೋರ್ಟಿನ ಗೋಡೆ ಮುಟ್ಟದವರು ಕೋರ್ಟು ನಡೆಸಲಾರರು ಎಂಬುದು ಈಗಿನ ವಾದ.

ಈಗಿನ ವಾದದಲ್ಲಿ ಹುರುಳಿದೆ. ಅಮೀನ ನೋಟೀಸು ಜಾರಿ ಮಾಡದೆಯೇ ಮಾಡಿದೆ ಎಂದು ಷರಾ ಬರೆಯುವುದು, ವಾಯಿದೆ ಕೇಳುವ ವಕೀಲನ ಹೊಟ್ಟೆನೋವು ಯಾವ ಜಾತಿಯದು, ಇವೆಲ್ಲ ಪುಸ್ತಕದಲ್ಲಿ ಇರುವುದಿಲ್ಲ. ಇಪ್ಪತ್ತನಾಲ್ಕರ ಜಡ್ಜನ್ನು ಅರವತ್ತರ ವಕೀಲ ಆಟ ಆಡಿಸಿದ್ದನ್ನು ನಾನೇ ಹಿಂದಿನ ಬೆಂಚಿನಿಂದ ನೋಡಿದ್ದೇನೆ. ಆದರೆ ಆ ಮೂರು ವರ್ಷ ಯಾವ ಮೂರು ವರ್ಷ ಎಂಬುದನ್ನೂ ನೋಡಬೇಕಲ್ಲ. ಇಪ್ಪತ್ತಮೂರರಿಂದ ಇಪ್ಪತ್ತಾರು. ನಮ್ಮ ಕಡೆ ಹೆಣ್ಣುಮಗಳ ಜಾತಕ ಹೊರಗೆ ಬರುವುದು ಸರಿಯಾಗಿ ಆಗಲೇ. “ಮಗ್ಳು ಪರೀಕ್ಷೆಗೆ ಓದ್ತಾವ್ಳೆ” ಎಂದರೆ ಗಂಡಿನ ಕಡೆಯವರು ಕಾಯುತ್ತಾರೆ. “ಕೋರ್ಟಿಗೆ ಹೋಯ್ತಾವ್ಳೆ, ಇನ್ನೂ ಸಂಪಾದ್ನೆ ಇಲ್ಲ” ಎಂದರೆ ಕಾಫಿ ಕುಡಿದು ಎದ್ದುಬಿಡುತ್ತಾರೆ. ಜೂನಿಯರ್‌ಗೆ ಸೀನಿಯರ್ ಕೊಡುವುದು ಬಸ್‌ಚಾರ್ಜಿಗೆ ಸಾಕಾದರೆ ಅದೃಷ್ಟ. ಈಗ ಹೆಂಗಸರಿಗೆ ಬಸ್ಸೇ ಪುಕ್ಕಟೆಯಾಗಿ ಅದನ್ನೂ ಕೊಡದಿರಲು ಒಂದು ನೆಪ ಸಿಕ್ಕಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸರ್ಟಿಫಿಕೇಟು. ಮೂರು ವರ್ಷ ವಕೀಲಿ ಮಾಡಿದ್ದೇನೆ ಎಂಬುದಕ್ಕೆ ಕನಿಷ್ಠ ಹತ್ತು ವರ್ಷ ಅನುಭವದ ವಕೀಲರು ಬರೆದುಕೊಡಬೇಕು, ಕೋರ್ಟಿನ ಪ್ರಧಾನ ನ್ಯಾಯಾಧಿಕಾರಿ ಅದಕ್ಕೆ ಒಪ್ಪಿಗೆಯ ರುಜು ಹಾಕಬೇಕು. ಅಂದರೆ ನಂಬರಿನ ಬಾಗಿಲಿಗೆ ಹೋಗಬೇಕಾದರೆ ಈಗ ಮೊದಲು ಮುಖದ ಬಾಗಿಲು ದಾಟಬೇಕು. ಅಜ್ಜಿ ಮತ್ತೆ ಸಿಕ್ಕಿ ಯಾರನ್ನೂ ಹಿಡ್ಕಬೇಕಾಗಿಲ್ವಾ ಎಂದು ಕೇಳಿದರೆ ಉತ್ತರ ಬದಲಾಯಿಸಬೇಕು.

ಹುಡುಗಿ ಅಳುತ್ತ ಕೂರಲಿಲ್ಲ. ಸನ್ನದು ಮಾಡಿಸಿಕೊಂಡು ನನ್ನ ಪರಿಚಯದ ಹಿರಿಯ ವಕೀಲರೊಬ್ಬರ ಆಫೀಸಿಗೆ ಹೋದಳು. ಮುಂದಿನದನ್ನು ಆ ವಕೀಲರೇ ನನಗೆ ಹೇಳಿದ್ದು. ಅವರಿಗೆ ಎಪ್ಪತ್ತೆರಡು, ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಎರಡು ಸ್ಟೆಂಟು. ಕನ್ನಡಕದ ಮೇಲಿಂದ ಅವಳನ್ನು ನೋಡಿ, ಹೆಣ್ಣು ಜೂನಿಯರ್ ಬಂದಾಗಲೆಲ್ಲ ಕೇಳುವುದನ್ನೇ ಕೇಳಿದರಂತೆ.

“ಸೇರ್ಕಳಮ್ಮ, ಬ್ಯಾಡ ಅನ್ನಲ್ಲ. ಕೆಲ್ಸ ಕಲ್ಸಿದ್ ಮೇಲೆ ಮದ್ವೆ ಆಯ್ತು ಅಂತ ಹೊಂಟೋಗ್ತೀರಿ. ಮೂರ್ ವರ್ಷ ಇರ್ತೀಯಾ?”

“ನಾನಿರ್ತೀನಿ ಸಾರ್. ಸರ್ಟಿಫಿಕೇಟ್‌ಗೆ ಸಹಿ ಹಾಕಕ್ಕೆ ನೀವಿರ್ತೀರಾ?”

ವಕೀಲರು ಕೆಮ್ಮು ಬರುವಷ್ಟು ನಕ್ಕರಂತೆ. ಅವತ್ತೇ ಹನ್ನೊಂದು ಗಂಟೆಗೆ ಒಂದು ಪಾಲಿನ ಕೇಸಿನ ಫೈಲು ಕೈಗೆ ಕೊಟ್ಟು, ವಾಯಿದೆ ಕೇಳಿಕೊಂಡು ಬಾ ಎಂದು ಕಳಿಸಿದರು. ಜಡ್ಜಮ್ಮ ವಾಯಿದೆ ಕೊಡಲಿಲ್ಲವಂತೆ, ಸಾಕ್ಷಿ ಕರೆಸಿ ಎಂದರಂತೆ.